ಮಾವನ ಹೆರಾಲ್ಡಿಗೆ ಜಿಪ್ಸಿ ಇಂಜಿನ್

ಆಗುಂಬೆ ಘಾಟಿಯಲ್ಲಿ 14 ತಿರುವು. ಏಳನೇದರಲ್ಲಿ ಮಾವನ ಹಳೇ ಹೆರಾಲ್ಡ್ ಕಾರು ಕುದಿದು ನಿಂತಿತು. ಮಾವ ಕೆಳಗಿಳಿದು, ಎರಡೂ ಬದಿಯ ಕೊಂಡಿ ಬಿಡಿಸಿ, ಬಾನೆಟ್ ಎತ್ತಿ ಮುಂದಕ್ಕೆ ಮಗುಚಿದರು. ಹೆರಾಲ್ಡಿನಲ್ಲಿ ಬಾನೆಟ್ ಅಂದರೆ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಗಾಡಿಯ ಇಡೀ ಮೂತಿಯೇ ಏಳುತ್ತದೆ. ಆಮೇಲೆ ಮುಂದಿನ ಟಯರಿನ ಮೇಲೆ ಕೂತು, ರೇಡಿಯೇಟರ್ ತಣಿಯಲಿ ಅಂತ ಕಾದರು. ಅವರು ಐವತ್ತು ವರ್ಷದಿಂದ ಈ ಗಾಡಿ ರಿಪೇರಿ ಮಾಡಿದ್ದು ಆ ಟಯರಿನ ಮೇಲೆ ಕೂತೇ. ಅರ್ಧ ಗಂಟೆ ಏನೂ ಮಾತಾಡಲಿಲ್ಲ. ಮತ್ತೆ, "ಇನ್ನು ಇದರ ಕೈಲಿ ಆಗುವುದಿಲ್ಲ ಮಾರಾಯ್ತಿ" ಅಂದರು.

ನಾವು ಹೆಬ್ರಿಗೆ ಇಳಿದು, ನಿಧಾನಕ್ಕೆ ಉಡುಪಿಗೆ ಬಂದೆವು.

ಗಾಡಿ 1964ರ ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡು ಬಾಗಿಲಿನದು, 948 ಸಿಸಿ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಮಾಡುತ್ತಿದ್ದದ್ದು. ಮೈಸೂರು ರಾಜ್ಯದ ಕಾಲದ ಎಂವೈ ನಂಬರ್ ಈಗಲೂ ಅದೇ ಉಂಟು. ಮಾವ ಅಂದರೆ ನನ್ನ ಅಮ್ಮನ ಅಣ್ಣ. ನಮ್ಮ ಕಡೆ ಸೋದರಮಾವನ ಮಾತಿಗೆ ಎಷ್ಟು ತೂಕ ಅಂತ ಊರಿನವರಿಗೆ ಹೇಳಬೇಕಾಗಿಲ್ಲ. ಈ ಗಾಡಿಯಲ್ಲೇ ಅಮ್ಮನ ದಿಬ್ಬಣ ಹೋಗಿದ್ದು, ನಾನು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು. ಹಾಗಾಗಿ ಅದರ ಇಂಜಿನ್ ಇಳಿಸಿ ಬೇರೆ ಹಾಕುವ ಮಾತು ಸುಲಭದ್ದಾಗಿರಲಿಲ್ಲ.

ಮೊದಲು ಹಳೇದನ್ನೇ ಉಳಿಸಲು ನೋಡಿದೆವು. ಇಂಜಿನ್ ಬಿಚ್ಚಿಸಿ ಬ್ಲಾಕನ್ನು ಮಂಗಳೂರಿನ ಬೈಕಂಪಾಡಿಯ ಒಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆ. ಈ ಮೊದಲೇ ಸಿಲಿಂಡರುಗಳ ಒಳಗೆ ಬೋರ್ ಮಾಡಿಸಿ ಮಾಡಿಸಿ 60 ಓವರ್‌ಸೈಜಿಗೆ, ಅಂದರೆ ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ 60 ಪಾಲು ಅಗಲಕ್ಕೆ ಬಂದಿತ್ತು. ಅದರ ಮೇಲೆ ನೀರಿನ ದಾರಿಯ ಹತ್ತಿರ ಕೂದಲೆಳೆಯಷ್ಟು ಸಣ್ಣ ಬಿರುಕು. "ಹೊಲಿಗೆ ಹಾಕಬಹುದು ಅಕ್ಕ, ಸಣ್ಣ ಓಡಾಟಕ್ಕೆ ತೊಂದರೆ ಇಲ್ಲ. ಘಾಟಿ ಹತ್ತಿಸಿದರೆ ನಾನು ಗ್ಯಾರಂಟಿ ಕೊಡುವುದಿಲ್ಲ" ಅಂದರು ಅಲ್ಲಿನ ಟರ್ನರ್. ಒಳ್ಳೆ ಕೆಲಸಗಾರರು ಹೀಗೆ ನೇರವಾಗಿ ಹೇಳುತ್ತಾರೆ. ನನಗೆ ಅದು ಇಷ್ಟ.

ಆಗ ನಾನು ಓದಲು ಶುರು ಮಾಡಿದೆ. ಓದಿದಷ್ಟೂ ಧೈರ್ಯ ಬಂತು. ಯಾಕೆಂದರೆ ಹೆರಾಲ್ಡಿಗೆ ಬೇರೆ ಇಂಜಿನ್ ಹಾಕುವ ಕೆಲಸವನ್ನು ಮೊದಲು ಮಾಡಿದ್ದೇ ಇಂಗ್ಲೆಂಡಿನ ಟ್ರಯಂಫ್ ಕಂಪನಿ, ಮೂಲ ಹೆರಾಲ್ಡ್ ಅವರದ್ದೇ. 1959ರಲ್ಲಿ ಹೆರಾಲ್ಡ್ ಬಂತು, ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪ ಕೊಟ್ಟದ್ದು. ಆ ಹೊತ್ತಿಗೆ ಉಳಿದ ಎಷ್ಟೋ ಕಾರುಗಳಲ್ಲಿ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಬೇರೆ, ಬಾಡಿ ಬೇರೆ ಅಂತ ಇರಲಿಲ್ಲ. ಹೆರಾಲ್ಡಿನಲ್ಲಿ ಚಾಸಿ ಬೇರೆಯೇ ಇತ್ತು, ಬಾಡಿಯನ್ನು ತುಂಡು ತುಂಡಾಗಿ ಮಾಡಿ ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದರು. ಅದರಿಂದ ಏನಾಯಿತು ಅಂದರೆ ಅದೇ ಚಾಸಿಯ ಮೇಲೆ ಏನು ಬೇಕಾದರೂ ಕಟ್ಟಬಹುದಾಯಿತು. 1962ರಲ್ಲಿ ಅದಕ್ಕೇ 1.6 ಲೀಟರಿನ ಆರು ಸಿಲಿಂಡರ್ ಇಂಜಿನ್ ಹಾಕಿ ವಿಟೆಸ್ ಅಂತ ಮಾಡಿದರು. ಅದೇ ವರ್ಷ ಚಾಸಿಯ ಉದ್ದ ಕಡಿಮೆ ಮಾಡಿ, ಇಬ್ಬರೇ ಕೂರುವ ಸ್ಪಿಟ್‌ಫೈರ್ ತಂದರು. 1966ರಲ್ಲಿ ಸ್ಪಿಟ್‌ಫೈರಿಗೆ 2 ಲೀಟರಿನ ಆರು ಸಿಲಿಂಡರ್ ತುಂಬಿಸಿ ಮೇಲೆ ಮಾಡು ಹಾಕಿ ಜಿಟಿ6 ಮಾಡಿದರು. ನಮ್ಮ ಮಾವನ ಸಂಸಾರದ ಗಾಡಿ, ಇಡೀ ಪ್ರಪಂಚದ ಸ್ಪೋರ್ಟ್ಸ್ ಕಾರಿನ ಹುಚ್ಚರು ಹುಡುಕಿಕೊಂಡು ಹೋಗುವ ಆ ಸ್ಪಿಟ್‌ಫೈರಿನ ಒಡಹುಟ್ಟಿದ ಅಕ್ಕ. ಇದನ್ನು ಮಾವನಿಗೆ ಫೋಟೋ ತೋರಿಸಿ ಹೇಳಿದಾಗ ಅವರು ತುಂಬಾ ಹೊತ್ತು ಫೋಟೋವನ್ನೇ ನೋಡಿದರು. ಬಾನೆಟ್ ಏಳುವ ರೀತಿ ಒಂದೇ, ಅಲ್ವಾ.

ಯಾವ ಇಂಜಿನ್ ಹಾಕುವುದು? ಇಲ್ಲಿ ಪ್ರತಿಯೊಬ್ಬರದ್ದೂ ಒಂದೊಂದು ಸಲಹೆ. ಬೊಲೆರೊದ ಡೀಸೆಲ್ ಹಾಕಿ ಅಂದವರುಂಟು, ಕ್ವಾಲಿಸಿನದ್ದು ಹಾಕಿ ಅಂದವರುಂಟು. ನನಗೆ ಅದು ಸರಿ ಕಾಣಲಿಲ್ಲ. ಹೆರಾಲ್ಡ್ ಹಗುರ ಗಾಡಿ. ಮೂತಿಯ ಮೇಲೆ ಅಷ್ಟು ಕಬ್ಬಿಣ ಹೇರಿದರೆ ಸ್ಟೇರಿಂಗಿನ ಆ ಸುಖ ಹೋಗುತ್ತದೆ. ಹೆರಾಲ್ಡ್ ಓಡಿಸಿದವರಿಗೆ ಗೊತ್ತು, ರಥಬೀದಿಯ ಮೂಲೆಯಲ್ಲೂ ರಿಕ್ಷಾದ ಹಾಗೆ ತಿರುಗುತ್ತದೆ ಅದು. ನಾನು ಮನಸ್ಸಿನಲ್ಲಿ ಒಂದು ಗೆರೆ ಹಾಕಿಕೊಂಡೆ. ಹಳೇ ಇಂಜಿನಿಗಿಂತ ಭಾರ ಇರಬಾರದು, ಈ ಚಾಸಿಯ ಬಳಗಕ್ಕೆ ಕಂಪನಿಯೇ ಹಾಕಿದ ಇಂಜಿನುಗಳಿಗಿಂತ ಜಾಸ್ತಿ ಎಳೆಯಲೂಬಾರದು.

ಹಾಗೆ ನೋಡಿದಾಗ ಸಿಕ್ಕಿದ್ದು ಮಾರುತಿ ಜಿಪ್ಸಿಯ ಜಿ13ಬಿಬಿ. 1298 ಸಿಸಿ, 16 ವಾಲ್ವ್, 80 ಕುದುರೆ ಶಕ್ತಿ, 103 ನ್ಯೂಟನ್ ಮೀಟರ್ ಎಳೆತ. ನಮ್ಮ ಹಳೇದು 35 ಕುದುರೆಯ ಆಸುಪಾಸಿನದ್ದು, ಪೂರ್ತಿ ಬೀಡು ಕಬ್ಬಿಣ. ಜಿಪ್ಸಿಯದ್ದು ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಇದೇ ಇಂಜಿನ್ ಎಸ್ಟೀಮಿಗೂ ವರ್ಸಾಕ್ಕೂ ಬಂದಿತ್ತು, ಹಾಗಾಗಿ ಸಾಮಾನು ಉಡುಪಿಯಲ್ಲೇ ಸಿಗುತ್ತದೆ. ಜಿಪ್ಸಿಯದ್ದೇ ಬೇಕು ಅನ್ನಲು ಇನ್ನೊಂದು ಕಾರಣ ಉಂಟು. ಅದರಲ್ಲಿ ಇಂಜಿನ್ ಉದ್ದಕ್ಕೆ ಕೂರುತ್ತದೆ, ಹಿಂದೆ 5 ಗೇರಿನ ಗೇರ್‌ಬಾಕ್ಸ್, ಮತ್ತು ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದ್ದು ಬೇರೆಯೇ ಕೂರುತ್ತದೆ. ಅದನ್ನು ಸುಮ್ನೆ ಬಿಟ್ಟುಬಿಟ್ಟರೆ ಆಯಿತು. ಗೇರ್‌ಬಾಕ್ಸಿನಿಂದ ನೇರ ಹಿಂದಿನ ಚಕ್ರಕ್ಕೆ ಶಾಫ್ಟ್ ಹಾಕಬಹುದು.

ಇಂಜಿನ್ ಸಿಕ್ಕಿದ್ದು ಮಂಗಳೂರಿನ ಒಂದು ಗುಜರಿಯಲ್ಲಿ, ಕಾಗದಪತ್ರದ ಸಮೇತ. ಬಿಲ್ಲು ಇಲ್ಲದ ಇಂಜಿನನ್ನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ. ಯಾವ ಗಾಡಿಯದ್ದು, ಆ ಗಾಡಿಯ ಆರ್‌ಸಿ ರದ್ದಾಗಿದೆಯಾ, ಇಂಜಿನ್ ನಂಬರ್ ಉಜ್ಜಿಲ್ಲ ತಾನೆ, ಇಷ್ಟು ನೋಡಿಯೇ ದುಡ್ಡು ಕೊಡಿ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಮುಚ್ಚಿಟ್ಟು ಬರೆಯುವವರು ಜಾಸ್ತಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ಗಾಡಿಯ ಮೂಲ ಸ್ವರೂಪವನ್ನು ನಮಗೆ ಬೇಕಾದ ಹಾಗೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಆರ್‌ಟಿಓ ಅನುಮತಿ ಬೇಕು, ಹೊಸ ಇಂಜಿನ್ ನಂಬರ್ ಆರ್‌ಸಿಗೆ ಏರಬೇಕು. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. 50 ವರ್ಷ ದಾಟಿದ ಗಾಡಿಗೆ ವಿಎ ಅಂತ ಅಕ್ಷರ ಇರುವ ನಂಬರ್ ಸಿಗುತ್ತದೆ, ನೋಂದಣಿ 10 ವರ್ಷಕ್ಕೆ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲದ ಹಾಗೇ ಇರಬೇಕು, ಮತ್ತು ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವ ಹಾಗಿಲ್ಲ. ಅಂದರೆ ಇಂಜಿನ್ ಬದಲಿಸಿದ ದಿನವೇ ನಾವು ಆ ಬಾಗಿಲು ಮುಚ್ಚಿದ ಹಾಗೆ. ಇದು ನನ್ನನ್ನು ತುಂಬಾ ದಿನ ಕಾಡಿತು.

ದಾರಿ ತೋರಿಸಿದ್ದು ಮಾವ. "ನಿನಗೆ ಬೇಕಾದ್ದು ಹಾಕು. ಆದರೆ ಚಾಸಿಯಲ್ಲಿ ಒಂದು ತೂತು ಹೊಸದಾಗಿ ಕೊರೆಯಬಾರದು, ಒಂದು ತುಂಡು ಕತ್ತರಿಸಬಾರದು. ಹಳೇ ಇಂಜಿನ್ ಮನೆಯಲ್ಲೇ ಇರಬೇಕು. ನಾಳೆ ಯಾರಿಗಾದರೂ ಮನಸ್ಸಾದರೆ ಒಂದು ವಾರದಲ್ಲಿ ಅದು ಮತ್ತೆ ಹೆರಾಲ್ಡ್ ಆಗಬೇಕು." ಆ ಮಾತನ್ನು ನಾವು ಪೂರ್ತಿ ಕೆಲಸದ ಉದ್ದಕ್ಕೂ ಹಿಡಿದುಕೊಂಡೆವು. ಎಷ್ಟೋ ಕಡೆ ಅದರಿಂದ ಕೆಲಸ ಕಷ್ಟವಾಯಿತು, ಖರ್ಚೂ ಜಾಸ್ತಿಯಾಯಿತು. ಆದರೂ ಯಾವುದೇ ಹಳೇ ಗಾಡಿಗೆ ಕೈ ಹಾಕುವ ಮೊದಲು ಇದೊಂದು ಶರತ್ತು ಹಾಕಿಕೊಳ್ಳಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಹೆರಾಲ್ಡುಗಳು ಇನ್ನು ಹುಟ್ಟುವುದಿಲ್ಲ.

ಕೆಲಸ ಶುರುವಾಗಿದ್ದು ಆರ್‌ಟಿಓ ಅರ್ಜಿ ಕೊಟ್ಟ ಮೇಲೆ, ಅದೂ ಬ್ರೇಕಿನಿಂದ. ಗಾಡಿ ಕೆಲಸಕ್ಕೆ ಬಂದ ಮೇಸ್ತ್ರಿ ಅಣ್ಣನಿಗೆ ಆಶ್ಚರ್ಯ. ಇಂಜಿನ್ ಷೆಡ್ಡಿನಲ್ಲಿ ಬಂದು ಕೂತಿದೆ, ಇವರು ಬ್ರೇಕ್ ಬಿಚ್ಚಿಸುತ್ತಿದ್ದಾರಲ್ಲ ಅಂತ. ನಮ್ಮ ಗಾಡಿಗೆ ನಾಲ್ಕೂ ಡ್ರಮ್. ಎರಡು ಪಾಲು ಶಕ್ತಿ ಕೊಟ್ಟು ಅದೇ ಡ್ರಮ್ಮಿನಲ್ಲಿ ನಿಲ್ಲಿಸುತ್ತೇನೆ ಅನ್ನುವುದು ಸರಿಯಲ್ಲ. ಸ್ಪಿಟ್‌ಫೈರಿಗೆ ಮೊದಲಿನಿಂದಲೂ ಮುಂದೆ ಡಿಸ್ಕ್ ಇತ್ತು, ಮುಂದಿನ ಸಸ್ಪೆನ್ಷನ್ ಎರಡಕ್ಕೂ ಒಂದೇ ಬಗೆ. ಇಂಗ್ಲೆಂಡಿನಲ್ಲಿರುವ ತಂಗಿ ಊರಿಗೆ ಬರುವಾಗ ಬಟ್ಟೆಬರೆ ಬಿಟ್ಟು ಡಿಸ್ಕು, ಕ್ಯಾಲಿಪರು ತುಂಬಿಸಿಕೊಂಡು ಬಂದಳು. ತೆಗೆದ ಡ್ರಮ್ಮುಗಳಿಗೆ ಗ್ರೀಸ್ ಸವರಿ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆವು.

ಆಮೇಲೆ ಚಾಸಿ. ವರ್ಷಕ್ಕೆ ನಾಲ್ಕು ಮೀಟರ್ ಮಳೆ, ಅದರ ಮೇಲೆ ಕಡಲಿನ ಉಪ್ಪುಗಾಳಿ, ನಮ್ಮ ಊರಿನಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಬಾಡಿಯನ್ನು ಹೊರುವ ಪಕ್ಕದ ಕೈಗಳು ನಾಲ್ಕರಲ್ಲಿ ಎರಡು ಹಪ್ಪಳವಾಗಿದ್ದವು. ಅಷ್ಟನ್ನು ಮಾತ್ರ ಅದೇ ಅಳತೆಯಲ್ಲಿ ಹೊಸದಾಗಿ ಮಾಡಿಸಿದೆವು.

ಇಂಜಿನ್ ಇಟ್ಟು ನೋಡಿದ ದಿನ ಚೆನ್ನಾಗಿ ನೆನಪಿದೆ. ಷೆಡ್ಡಿನ ಅಡ್ಡ ತೊಲೆಗೆ ಚೈನ್ ಬ್ಲಾಕ್ ಕಟ್ಟಿ, ಇಂಜಿನ್ ಗೇರ್‌ಬಾಕ್ಸ್ ಒಟ್ಟಿಗೆ ನೇತುಹಾಕಿ, ಬೆರಳು ಬೆರಳಷ್ಟೇ ಇಳಿಸಿದೆವು. ಮೂರು ಸಲ ಇಳಿಸಿ ಮೂರು ಸಲ ಎತ್ತಿದೆವು. ಸಂಪ್, ಅಂದರೆ ಇಂಜಿನಿನ ಅಡಿಯ ಎಣ್ಣೆ ಪಾತ್ರೆ, ಚಾಸಿಗೆ ತಾಗುತ್ತಿತ್ತು. ಚಾಸಿ ಮುಟ್ಟುವ ಹಾಗಿಲ್ಲ, ಹಾಗಾಗಿ ಸಂಪನ್ನೇ ಬಿಚ್ಚಿ, ಆ ಭಾಗ ಕತ್ತರಿಸಿ, ಪಕ್ಕಕ್ಕೆ ಹೊಟ್ಟೆ ಬರುವ ಹಾಗೆ ಬೆಸೆದು, ಸೀಮೆಎಣ್ಣೆ ತುಂಬಿಸಿ ಒಂದು ರಾತ್ರಿ ಇಟ್ಟು ಸೋರುತ್ತದಾ ಅಂತ ನೋಡಿದೆವು. ಮೌಂಟಿಂಗಿಗೆ ಹೊಸ ಬ್ರಾಕೆಟ್ ಮಾಡಿಸಿದ್ದು ಹಳೇ ತೂತುಗಳಿಗೇ ಬೋಲ್ಟ್ ಕೂರುವ ಹಾಗೆ. ಮೊದಲು ರಟ್ಟಿನಲ್ಲಿ, ಮತ್ತೆ ಪ್ಲೈವುಡ್ಡಿನಲ್ಲಿ, ಕೊನೆಗೆ 6 ಎಂಎಂ ಪ್ಲೇಟಿನಲ್ಲಿ.

ಗೇರ್‌ಬಾಕ್ಸಿನ ಮೇಲಿನ ಮುಚ್ಚಳದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆರಾಲ್ಡಿನಲ್ಲಿ ಗಾಡಿಯ ಒಳಗಿನಿಂದಲೇ ಗೇರ್‌ಬಾಕ್ಸ್ ತೆಗೆಯಬಹುದು, ಮೇಲೆ ಬಿಚ್ಚುವ ಒಂದು ಮುಚ್ಚಳ ಇರುತ್ತದೆ. ಜಿಪ್ಸಿಯ ಗೇರ್‌ಬಾಕ್ಸ್ ದೊಡ್ಡದು, ಅದು ಈ ಮುಚ್ಚಳದ ಅಡಿಯಲ್ಲಿ ಹಿಡಿಸುವುದಿಲ್ಲ. ತಗಡಿನಲ್ಲಿ ಮಾಡಿದರೆ ಸದ್ದು, ಬಿಸಿ ಎರಡೂ ಜಾಸ್ತಿ. ಆಗ ಮೇಸ್ತ್ರಿ ಅಣ್ಣ, "ಮಲ್ಪೆಗೆ ಹೋಗುವ, ದೋಣಿಯವರು ಮಾಡಿಕೊಡುತ್ತಾರೆ" ಅಂದರು. ಫೈಬರ್ ದೋಣಿ ಕಟ್ಟುವ ಒಬ್ಬ ಹಿರಿಯರು, ನಾನು ಹಿಡಿದ ಅಳತೆಯ ಕಾಗದವನ್ನು ನೋಡಲೇ ಇಲ್ಲ. "ಗಾಡಿ ತನ್ನಿ" ಅಂದರು. ಲಾರಿಯಲ್ಲಿ ಹಾಕಿಸಿಕೊಂಡು ಹೋದೆವು. ಅವರು ಗೇರ್‌ಬಾಕ್ಸಿನ ಮೇಲೆ ಥರ್ಮೊಕೋಲ್ ತುಂಡು ಕೂರಿಸಿ, ಕೈಯಲ್ಲೇ ಸವರಿ ನೋಡುತ್ತಾ, ಮೀನಿನ ಬೆನ್ನಿನ ಹಾಗೆ ನಯವಾಗುವ ತನಕ ಉಜ್ಜಿದರು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮೇಣ, ಮತ್ತೆ ಗ್ಲಾಸ್ ಮ್ಯಾಟ್ ಒಂದೊಂದೇ ಪದರ ಇಟ್ಟು ಬ್ರಷ್‌ನಿಂದ ರೆಸಿನ್ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ತೆಗೆದರು. ನಾಲ್ಕು ಪದರ. ಮಧ್ಯಾಹ್ನದ ಬಿಸಿಲಿಗೆ ಅದು ಬೇಗ ಗಟ್ಟಿಯಾಯಿತು. ಎತ್ತಿ ಕೊಟ್ಟಾಗ ಕೈಗೆ ಭಾರವೇ ಇಲ್ಲ. ಹಳೇ ಮುಚ್ಚಳದ ಸ್ಕ್ರೂ ತೂತುಗಳಿಗೇ ಸರಿಯಾಗಿ ಕೂತಿತು. ಬಂದರಿನ ಮೀನಿನ ವಾಸನೆ, ರೆಸಿನ್ ವಾಸನೆ ಸೇರಿ ಆ ಇಡೀ ದಿನ ನನ್ನ ಮೂಗಿನಲ್ಲೇ ಉಂಟು.

ಸಣ್ಣ ಸಣ್ಣ ತೊಡಕುಗಳೇ ಹೆಚ್ಚು ದಿನ ತಿಂದವು. ಹೆರಾಲ್ಡಿನ ಕ್ಲಚ್ ಎಣ್ಣೆಯಿಂದ ಕೆಲಸ ಮಾಡುತ್ತದೆ, ಜಿಪ್ಸಿಯದ್ದು ಕೇಬಲ್. ಪೆಡಲ್ ಹಾಗೇ ಉಳಿಸಿ, ಗೇರ್‌ಬಾಕ್ಸಿನ ಪಕ್ಕದಲ್ಲಿ ಎಣ್ಣೆಯ ಒತ್ತಡದಿಂದ ಆಡುವ ಒಂದು ಸ್ಲೇವ್ ಸಿಲಿಂಡರ್ ಕೂರಿಸಿ ಅದೇ ಲಿವರನ್ನು ಎಳೆಯುವ ಹಾಗೆ ಮಾಡಿದೆವು. ಸ್ಪೀಡೋಮೀಟರ್ ಇನ್ನೊಂದು ತಲೆನೋವು. ಜಿಪ್ಸಿಯಲ್ಲಿ ಅದರ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ, ನಾವು ಅದನ್ನೇ ಬಿಟ್ಟಿದ್ದೇವೆ. ಈಗ ಶಾಫ್ಟಿನ ಬೋಲ್ಟುಗಳನ್ನು ಎಣಿಸುವ ಒಂದು ಸೆನ್ಸರ್ ಹಾಕಿ, ಹಳೇ ಮೀಟರಿನ ಮುಳ್ಳನ್ನೇ ಸಣ್ಣ ಮೋಟಾರಿನಿಂದ ತಿರುಗಿಸುವ ಪ್ರಯತ್ನ ನಡೆದಿದೆ. ವೈರಿಂಗ್ ಪೂರ್ತಿ ಹೊಸದು. ನಮ್ಮ ಗಾಡಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿತ್ತು. ಜಿಪ್ಸಿಯದ್ದು ಇಂಜೆಕ್ಷನ್ ಇಂಜಿನ್, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಪೆಟ್ರೋಲ್ ಚಿಮುಕಿಸುವಂಥದ್ದು, ಆ ಕಂಪ್ಯೂಟರಿಗೆ ಇದು ನಡೆಯುವುದಿಲ್ಲ. ತಿರುಗಿಸದೆ ಬ್ಯಾಟರಿ ಜೋಡಿಸಿದ್ದರೆ ಒಂದು ಕ್ಷಣದಲ್ಲಿ ಸಾವಿರಾರು ರೂಪಾಯಿ ಹೊಗೆಯಾಗುತ್ತಿತ್ತು.

ಪೆಟ್ರೋಲ್ ಲೈನ್ ಬಗ್ಗೆ ಮಾತ್ರ ಯಾರೂ ಸೋಮಾರಿತನ ಮಾಡಬೇಡಿ. ಕಾರ್ಬುರೇಟರಿಗೆ ಪೆಟ್ರೋಲ್ ಸುಮ್ನೆ ಹರಿದರೆ ಸಾಕು, ಇಂಜೆಕ್ಷನ್ನಿಗೆ ಒತ್ತಡ ಬೇಕು. ಅದಕ್ಕೆ ತಕ್ಕ ಪೈಪು, ತಕ್ಕ ಕ್ಲಿಪ್ಪು, ಟ್ಯಾಂಕಿಗೆ ವಾಪಸ್ ಬರುವ ಇನ್ನೊಂದು ಪೈಪು. ಅದರ ಮೇಲೆ ಈಗ ಬಂಕಿನಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಅದರಲ್ಲಿ ಮೆತ್ತಗಾಗಿ ಬಿರಿಯುತ್ತದೆ. ಇಂಜಿನ್ ಬದಲಿಸದವರೂ ಹಳೇ ಗಾಡಿಯ ಪೆಟ್ರೋಲ್ ಪೈಪನ್ನು ಇವತ್ತೇ ಒಂದು ಸಲ ಮುಟ್ಟಿ ನೋಡಿ. ಡಿಕ್ಕಿಯ ಟ್ಯಾಂಕಿನ ಮೇಲಿರುವ ರಿಸರ್ವ್ ಲಿವರನ್ನು ಹಾಗೇ ಉಳಿಸಿದ್ದೇವೆ. ಪೆಟ್ರೋಲ್ ಮುಗಿದಾಗ ಇಳಿದು ಹೋಗಿ ಅದನ್ನು ತಿರುಗಿಸುವುದು ಚಿಕ್ಕಂದಿನಲ್ಲಿ ನನ್ನ ಕೆಲಸವಾಗಿತ್ತು.

ಮೊದಲ ಸಲ ಸ್ಟಾರ್ಟ್ ಆದದ್ದು ಒಂದು ಭಾನುವಾರ ಸಂಜೆ. ಕೀ ತಿರುಗಿಸಿದ್ದು ಮಾವ. ಮೂರನೇ ಸಲಕ್ಕೆ ಹಿಡಿಯಿತು. ಹಳೇದರ ಟಕಟಕ ಇಲ್ಲ, ಬರೀ ಒಂದು ಸಣ್ಣ ಗುಂಯ್. ಮಾವ ಬಗ್ಗಿ ಕಿವಿಗೊಟ್ಟು ಕೇಳಿದರು. "ಇದು ಓಡ್ತಾ ಉಂಟಾ?" ಅಂತ ಕೇಳಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಅದು ಏರಿದ ಸದ್ದು ಕೇಳಿ ನನ್ನ ಕಡೆ ನೋಡಿದ ಅವರ ಮುಖ ನನಗೆ ಸಾಕಾಯಿತು. ಫ್ಯಾನ್ ತಾನಾಗಿ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಅರ್ಧ ಗಂಟೆ ನಿಲ್ಲಿಸದೆ ಬಿಟ್ಟೆವು. ಇಂಜಿನಿನ ಬಿಸಿ ತೋರಿಸುವ ಮುಳ್ಳು ಮಧ್ಯದಿಂದ ಮೇಲೆ ಹೋಗಲಿಲ್ಲ.

ಆದರೂ ಕೆಲಸ ಮುಗಿದಿಲ್ಲ. ಉಳಿದದ್ದು ಎಲ್ಲಕ್ಕಿಂತ ಮುಖ್ಯ, ಹಿಂದಿನ ಚಕ್ರಗಳು. ನಮ್ಮ ಹೆರಾಲ್ಡಿನಲ್ಲಿ ಹಿಂದೆ ಅಡ್ಡಕ್ಕೆ ಹಲವು ಪ್ಲೇಟುಗಳ ಒಂದೇ ಸ್ಪ್ರಿಂಗ್, ಅದು ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ತಲೆಯ ಮೇಲೆ ಕೂತಿರುತ್ತದೆ. ಎರಡು ಚಕ್ರಗಳು ಎರಡು ಬದಿಯಲ್ಲಿ ಹಕ್ಕಿಯ ರೆಕ್ಕೆಯ ಹಾಗೆ ಆಡುತ್ತವೆ. ತಿರುವಿನಲ್ಲಿ ಜೋರಾಗಿ ಹೋಗಿ, ಹೆದರಿ ಒಮ್ಮೆಗೇ ಆಕ್ಸಿಲರೇಟರ್ ಬಿಟ್ಟರೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಹಿಂಭಾಗ ಜಾರಿ ಗಾಡಿ ತಿರುಗಿ ನಿಲ್ಲುತ್ತದೆ. 35 ಕುದುರೆಯಲ್ಲಿ ಆ ವೇಗ ಬರುವುದೇ ಅಪರೂಪ. 80 ಕುದುರೆಯಲ್ಲಿ ಹಾಗಲ್ಲ. ಟ್ರಯಂಫಿನವರು 1970ರ ಸ್ಪಿಟ್‌ಫೈರ್ ಮಾರ್ಕ್ 4ರಲ್ಲಿ ಇದಕ್ಕೆ ಒಂದು ಜಾಣ ಉಪಾಯ ಮಾಡಿದರು. ಸ್ಪ್ರಿಂಗಿನ ಎಲ್ಲ ಪ್ಲೇಟುಗಳನ್ನೂ ಬಿಗಿಯದೆ, ಹೆಚ್ಚಿನವು ನಡುವೆ ತಕ್ಕಡಿಯ ಹಾಗೆ ಓಲಾಡಲು ಬಿಟ್ಟರು. ಅದನ್ನು ಹಾಕುವುದಾದರೆ ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಮುಂದಿನ ಆಂಟಿ ರೋಲ್ ಬಾರನ್ನೂ ದಪ್ಪದ್ದಕ್ಕೆ ಬದಲಿಸಬೇಕು, ಒಂದನ್ನು ಬಿಟ್ಟು ಒಂದು ಮಾಡಿದರೆ ಪ್ರಯೋಜನ ಇಲ್ಲ. ಎರಡನ್ನೂ ತರಿಸಲು ಹೇಳಿದ್ದೇನೆ. ಸ್ಪ್ರಿಂಗಿನ ಪಾರ್ಸೆಲ್ ಖರ್ಚು ಸ್ಪ್ರಿಂಗಿನ ಬೆಲೆಗಿಂತ ಜಾಸ್ತಿ ಬರುತ್ತಿದೆ. ಬರಲಿ. ಇದರಲ್ಲಿ ಉಳಿತಾಯ ಮಾಡುವುದಿಲ್ಲ.

ಆರ್‌ಟಿಓ ತೀರ್ಮಾನ ಆಗಿಲ್ಲ. ಆಗುವ ತನಕ ಗಾಡಿ ನಮ್ಮ ಅಡಿಕೆ ತೋಟದ ಒಳಗಿನ ರಸ್ತೆ ಬಿಟ್ಟು ಹೊರಗೆ ಹೋಗುವುದಿಲ್ಲ. ಮನೆಯ ಗೇಟಿನಿಂದ ಪಂಪ್ ಷೆಡ್ಡಿನ ತನಕ 400 ಮೀಟರ್, ಅಷ್ಟೇ ಅದರ ಲೋಕ ಸದ್ಯಕ್ಕೆ. ಎರಡನೇ ಗೇರಿಗಿಂತ ಮೇಲೆ ಹಾಕಲು ಜಾಗ ಇಲ್ಲ. ಲೆಕ್ಕ ಮಾತ್ರ ಹಾಕಿ ಇಟ್ಟುಕೊಂಡಿದ್ದೇನೆ. ನಮ್ಮ ಕ್ರೌನ್, ಅಂದರೆ ಡಿಫರೆನ್ಷಿಯಲ್ಲಿನ ಗೇರಿನ ಅನುಪಾತ, 4.875, ಹಳೇ ನಾಲ್ಕನೇ ಗೇರಿನಲ್ಲಿ 80ರ ವೇಗಕ್ಕೆ ಇಂಜಿನ್ ಸುಮಾರು ಮೂರೂವರೆ ಸಾವಿರ ಸುತ್ತು ತಿರುಗಬೇಕಿತ್ತು. ಹೊಸ ಐದನೇ ಗೇರಿನಲ್ಲಿ ಅದು ಮೂರು ಸಾವಿರದ ಒಳಗೆ ಬರುತ್ತದೆ. ಪಡುಬಿದ್ರಿ, ಮುಲ್ಕಿ ದಾಟಿ ಮಂಗಳೂರಿಗೆ ಹೋಗುವಾಗ ಕಿಟಕಿ ಇಳಿಸಿಕೊಂಡು ಮಾತಾಡಬಹುದು. ಅನುಮತಿ ಇಲ್ಲ ಅಂದರೆ ಹಳೇ ಬ್ಲಾಕಿಗೆ ಬೈಕಂಪಾಡಿಯಲ್ಲಿ ಹೊಲಿಗೆ ಹಾಕಿಸಿ ಅದನ್ನೇ ಕೂರಿಸುತ್ತೇವೆ. ಎಲ್ಲ ಬೋಲ್ಟುಗಳೂ ಹೆಸರು ಬರೆದ ಡಬ್ಬಿಗಳಲ್ಲಿ ಹಾಗೇ ಉಂಟು.

ಹಳೇ ಇಂಜಿನನ್ನು ಜೋಡಿಸಿ ಷೆಡ್ಡಿನ ಮೂಲೆಯಲ್ಲಿ ಮರದ ಪೀಠದ ಮೇಲೆ ಇಟ್ಟಿದ್ದೇವೆ. ಮಳೆಗಾಲದ ತೇವಕ್ಕೆ ಒಳಗೆ ಹಿಡಿದುಕೊಳ್ಳಬಾರದು ಅಂತ ತಿಂಗಳಿಗೊಮ್ಮೆ ಪ್ಲಗ್ ತೆಗೆದು ನಾಲ್ಕು ಹನಿ ಎಣ್ಣೆ ಬಿಟ್ಟು, ಮುಂದಿನ ನಟ್ಟಿಗೆ ಪಾನ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ಆ ಕೆಲಸವನ್ನು ಮಾವ ಬೇರೆ ಯಾರಿಗೂ ಕೊಡುವುದಿಲ್ಲ. ನಿನ್ನೆ ಹೋದಾಗ ಅವರು ಪಾನ ಹಿಡಿದು ನಿಂತಿದ್ದರು, ನಾನು ಎಣ್ಣೆ ಡಬ್ಬಿ ಹಿಡಿದೆ.